ಎರಡು ಕಲ್ಲು ಆರಿಸುವಷ್ಟು ಹೊತ್ತು

ನಲ್ಲಿ ನೀರು ಹಿಡಿದು ಮುಗಿಸಿ, ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದೆ. ಎದುರು ಮನೆಯ ಬಾಗಿಲು ತೆರೆಯಿತು. ಚೌಡಕ್ಕ ಹೊಸ್ತಿಲ ಮೇಲೆ ಬಂದು ನಿಂತಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ಸೆರಗಿನಲ್ಲಿ ಚುಚ್ಚಿಕೊಂಡ ನಾಲ್ಕು ಸೂಜಿ, ಎಂದಿನ ಹಾಗೇ. ಅವಳು ತನ್ನ ಮನೆಯ ಗೋಡೆಯ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು.

“ವೇಣಿ, ನಮ್ಮ ಕೆಂಪಿ ಬದುಕವ್ಳಾ?”

ಕೆಂಪಿ ಅವಳ ತಂಗಿ. ನನ್ನ ಕೈ ಅಕ್ಕಿಯಲ್ಲೇ ನಿಂತಿತು. ಏಳು ವರ್ಷದಿಂದ ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಪಕ್ಕದ ಮನೆಯ ಕಿಟಕಿ ಧಡಾರನೆ ಮುಚ್ಚಿಕೊಂಡಿತು. ನಾನು ತಲೆ ತಗ್ಗಿಸಿದೆ. ಒಂದು ಕಪ್ಪು ಕಲ್ಲು ಕಂಡಿತು, ತೆಗೆದೆ. ಇನ್ನೊಂದು, ಅಕ್ಕಿಯದೇ ಬಣ್ಣದ್ದು, ಅದನ್ನೂ ತೆಗೆದೆ. ಅಷ್ಟರಲ್ಲಿ ನನ್ನ ಅಡುಗೆಮನೆಯ ಗೋಡೆಯಿಂದ, ಅವಳ ಮನೆಯ ಗೋಡೆಯಿಂದ, ಬೀಗ ಬಿದ್ದ ಮನೆಗಳ ಒಳಗಿನಿಂದ, ಸುಟ್ಟು ಸೂರು ಕುಸಿದ ಮೂಲೆಮನೆಯ ಒಂಟಿ ಗೋಡೆಯಿಂದಲೂ ಚಿಕ್ಕಮ್ಮನ ದನಿ ಒಟ್ಟಿಗೇ ಬಂತು.

“ಇಲ್ಲ. ಆರು ವರ್ಷವಾಯಿತು.”

ಎಷ್ಟೋ ಕಾಲದ ಮೇಲೆ ಕೇಳಿದರೂ ಆ ದನಿ ಬದಲಾಗಿರಲಿಲ್ಲ. ಮಗುವಿಗೆ ಹಾಲು ಕುಡಿಸುತ್ತಾ ಮಾತಾಡುವ ಹೆಂಗಸಿನಂಥ ದನಿ. ಚೌಡಕ್ಕ ಒಂದು ಸಲ ತಲೆಯಾಡಿಸಿದಳು. ಅಳತೆ ತಪ್ಪಿದ ಬ್ಲೌಸಿನ ತೋಳನ್ನು ನೋಡುವ ಹಾಗೆ ನನ್ನನ್ನು ಇನ್ನೊಂದು ಗಳಿಗೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಅಳು ಕೇಳಬಾರದೆಂದು ಅವಳು ಅದನ್ನು ತುಳಿಯುತ್ತಿದ್ದಾಳೆ ಎಂದು ಬೀದಿಗೆಲ್ಲ ಗೊತ್ತಾಯಿತು.

ನನ್ನ ಹಿಂದೆ ಬಾಗಿಲ ಬಳಿ, ಅರ್ಧ ಹೆಣೆದ ಜಡೆ ಹಿಡಿದುಕೊಂಡು, ಕಸ್ತೂರಿ ನಿಂತಿದ್ದಳು. ನನ್ನ ಮಗಳು. ಒಂಬತ್ತು ತುಂಬಿದೆ. ಚಿಕ್ಕಮ್ಮನ ದನಿಯನ್ನು ಅವಳು ಬುದ್ಧಿ ಬಂದ ಮೇಲೆ ಕೇಳಿದ್ದು ಅದೇ ಮೊದಲು. ಅವಳು ಹೆದರಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಚಿಕ್ಕಮ್ಮನನ್ನು ಪುರಸಭೆಯವರು ಮನೆಮನೆಗೆ ಹಾಕಿಸಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಗೋಡೆಯೊಳಗೆ ಕೂರಿಸಿ ಮೇಲೆ ಗಾರೆ ಬಳಿದದ್ದು. ಅದರ ದನಿಗೆ ಜನ ಇಟ್ಟ ಹೆಸರು ಚಿಕ್ಕಮ್ಮ. ಏನು ಕೇಳಿದರೂ ನಿಜ ಹೇಳುತ್ತದೆ. ಆಗಿಹೋದದ್ದು, ಈಗ ಇರುವುದು, ಮನಸ್ಸಿನೊಳಗೆ ಇರುವುದು. ಮುಂದೆ ಆಗುವುದನ್ನು ಮಾತ್ರ ಹೇಳುವುದಿಲ್ಲ. ಒಂದು ಮನೆಯಲ್ಲಿ ಕೇಳಿದರೆ ಇಡೀ ಬೀದಿಗೆ ಉತ್ತರ ಬರುತ್ತದೆ. ಮೊದಮೊದಲು ಅದೂ ಒಂದು ಮೋಜಾಗಿತ್ತು. ಬೀಗದ ಕೈ ಎಲ್ಲಿ, ಗ್ಯಾಸು ಎಷ್ಟು ಉಳಿದಿದೆ, ಹಾಲಿಗೆ ನೀರು ಹಾಕಿದ್ದಾರೋ ಹೇಗೆ. “ಕಾಲು ಭಾಗ ನೀರು” ಎಂದು ಬೀದಿಯ ಎಲ್ಲ ಗೋಡೆಗಳೂ ಹೇಳಿದ ದಿನ ಹಾಲಿನವನು ಕ್ಯಾನು ಬಿಟ್ಟು ಓಡಿದ್ದ, ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆಮೇಲೆ ಅತ್ತೆಯರು ಸೊಸೆಯರ ಬಗ್ಗೆ ಕೇಳಿದರು. ಅಣ್ಣಂದಿರು ತಮ್ಮಂದಿರ ಬಗ್ಗೆ. ಮಕ್ಕಳು ಮೇಷ್ಟ್ರನ್ನು ಬಿಟ್ಟು ಗೋಡೆಯನ್ನು ಕೇಳತೊಡಗಿದ ಮೇಲೆ ಶಾಲೆ ಮುಚ್ಚಿತು. ಕೋರ್ಟು ಮುಚ್ಚಿತು, ಏಕೆಂದರೆ ಯಾರೋ ಜಡ್ಜಿನ ಬಗ್ಗೆಯೇ ಕೇಳಿದರು. ಕೊನೆಗೆ ಕಲ್ಯಾಣ ಮಂಟಪದಲ್ಲಿ ಒಂದು ನಿಶ್ಚಿತಾರ್ಥ. ಎಲೆ ಹಾಕಿ ಪಲ್ಯ ಬಡಿಸುವಾಗ ಹುಡುಗಿಯ ಸೋದರಮಾವ ತಮಾಷೆಗೆ ಕೇಳಿದ. “ಇಲ್ಲಿ ಕೂತೋರಲ್ಲಿ ನಾನು ಸತ್ರೆ ಸಾಕು ಅನ್ನೋರು ಯಾರ್ಯಾರಪ್ಪ?” ಚಿಕ್ಕಮ್ಮ ಹೆಸರು ಓದತೊಡಗಿತು. ಅನ್ನ, ಸಾರು, ಪಾಯಸ ಬಂದು ಹೋದರೂ ಹೆಸರುಗಳು ಮುಗಿಯಲಿಲ್ಲ. ಆತನ ಹೆಂಡತಿಯ ಹೆಸರು ಮಜ್ಜಿಗೆಯ ಹೊತ್ತಿಗೆ ಬಂತು. ಅಲ್ಲಿದ್ದವರೆಲ್ಲ ಎದ್ದು ತಂತಮ್ಮ ಬಗ್ಗೆ ಕೇಳಿದರು. ಸಂಜೆಗೆ ಊರು ಉರಿಯಿತು.

ಈಗ ಉಳಿದಿರುವವರು ಕೇಳುವುದಿಲ್ಲ. ಹೀಗೂ ಬದುಕಬಹುದು. ಡಾಕ್ಟರು “ನೋಯೋ ಜಾಗ ಮುಟ್ಟಿ ತೋರ್ಸಿ” ಅನ್ನುತ್ತಾರೆ. ಚೌಡಕ್ಕನ ಹತ್ತಿರ ಹೊಲಿಸಲು ಹೋದವರು ಕುತ್ತಿಗೆ ಎಷ್ಟು ಆಳ, ಹುಕ್ಕು ಹಿಂದೆಯೋ ಮುಂದೆಯೋ ಎಂದು ತಾವೇ ಒಪ್ಪಿಸಬೇಕು. ಎದುರಿಗೆ ಸಿಕ್ಕವರಿಗೆ ಊಟ ಆಯ್ತಾ ಅನ್ನುವಂತಿಲ್ಲ. “ನಂದು ಊಟ ಆಯ್ತು” ಅನ್ನುತ್ತೇವೆ. ಅವರು “ನಂದು ಇನ್ನೂ ಇಲ್ಲ” ಅಂದರೆ ಪಾಪ ಅನ್ನಿಸಿದರೂ ಕಾರಣ ಗೊತ್ತಾಗುವುದಿಲ್ಲ. ಚೀಟಿಯಲ್ಲಿ ಬರೆದು ಕೇಳುವವರೂ ಇದ್ದಾರೆ. ಅಂಥವರನ್ನು ಸಭ್ಯರು ಮನೆಗೆ ಸೇರಿಸುವುದಿಲ್ಲ. ಗೋಡೆ ಒಡೆದು ಪೆಟ್ಟಿಗೆ ಕಿತ್ತವರಿದ್ದಾರೆ, ಕಿತ್ತ ಪೆಟ್ಟಿಗೆಯೂ ಮಾತಾಡಿತು, ಒಡೆದ ಗೋಡೆಯೂ ಮಾತಾಡಿತು. ಪಕ್ಕದ ಊರಿನಿಂದ ಬರುವವರೂ ಬಾಯಿ ತೆರೆಯುವ ಮೊದಲು ಗೋಡೆ ನೋಡುತ್ತಾರೆ, ಹಾಗಾಗಿ ಬಿಟ್ಟುಹೋಗಲು ಬೇರೆ ಊರಿಲ್ಲ.

ಮಕ್ಕಳಿಗೆ ದಾರ ಕೊಡುತ್ತೇವೆ. ಮಾತು ಬಂದ ಕೂಡಲೇ ಮಣಿಕಟ್ಟಿಗೆ ಒಂದು ಬಿಳಿ ದಾರ. ಏನಾದರೂ ಕೇಳಬೇಕು ಅನ್ನಿಸಿದಾಗ ಬಾಯಿ ಮುಚ್ಚಿ ಒಂದು ಗಂಟು. ಅಮಾವಾಸ್ಯೆಯ ದಿನ ಗಂಟು ಬಿಚ್ಚದೆ ದಾರವನ್ನು ಒಲೆಗೆ ಹಾಕಿ ಹೊಸತು ಕಟ್ಟುತ್ತೇವೆ. ಕಸ್ತೂರಿಗೆ ಗಂಟು ಹಾಕುವುದನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೇ ಕಲಿಸಿದ್ದು. ಆಕಾಶದ್ದು ಒಂದು ಗಂಟು, ಇರುವೆಯದ್ದು ಒಂದು, ಹಲ್ಲಿ ಬಾಲದ್ದು ಒಂದು. ಆ ಪುಟ್ಟ ಬೆರಳುಗಳು ದಾರ ಎಳೆದು ಬಿಗಿ ಮಾಡುವಾಗ ಮುತ್ತು ಕೊಟ್ಟು “ಜಾಣೆ” ಅಂದಿದ್ದೇನೆ. ತಿಂಗಳಿಗೊಂದು ದಾರ ಸುಡುತ್ತಾ ಬಂದಿದ್ದೇವೆ. ಒಂದನ್ನು ಮಾತ್ರ ಅವಳು ಸುಡಲು ಕೊಟ್ಟಿಲ್ಲ. ನಾಲ್ಕನೇ ವರ್ಷದಲ್ಲಿ ಹಾಕಿದ ಒಂದು ಗಂಟು, ಅದರ ಮೇಲೇ ಗಂಟು, ಅದರ ಮೇಲೇ ಗಂಟು. ಈಗ ಅದು ಅಂಟುವಾಳದ ಕಾಯಿಯಷ್ಟಾಗಿದೆ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಅದು ಯಾವುದರ ಗಂಟೆಂದು ನನಗೆ ಗೊತ್ತು. ಅವಳಿಗೆ ಒಂದು ಸದ್ದು ನೆನಪಿದೆ. ಯಾರಾದರೂ ಬಾಗಿಲು ಬಡಿದರೆ ಇಂದಿಗೂ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ.

ನನ್ನ ಗಂಡ ರುದ್ರೇಶ ಪುರಸಭೆಯಲ್ಲಿ ಲೈನ್‌ಮನ್ ಆಗಿದ್ದ. ಈ ಊರಿನ ಮುನ್ನೂರು ಮನೆಗಳಿಗೆ ಚಿಕ್ಕಮ್ಮನನ್ನು ಕೂರಿಸಿದವನು ಅವನೇ. ಬೇಡ ಅಂದವರಿಗೂ “ಒಂದು ಸಲ ಕೇಳಿ ನೋಡಿ, ಆಮೇಲೆ ಹೇಳಿ” ಅಂದು ನಗುತ್ತಾ ಗೋಡೆ ಕೊರೆದು ಬಂದವನು. ನಮ್ಮ ಮನೆಗೆ ಕೊನೆಗೆ ಕೂರಿಸಿದ. ಎಲ್ಲರ ಹಾಗೆ ನಾನೂ ಕೇಳಿದೆ. ಬಿಸಿಲಿಗೆ ಹಪ್ಪಳ ಹಾಕಿ ಒಳಬಂದವಳು, ಸುಮ್ಮನೆ, ಬಾಯಿ ಚಪಲಕ್ಕೆ ಕೇಳಿದೆ. “ನಮ್ಮನೆಯವ್ರು ನನ್ನ ಇಷ್ಟಪಟ್ಟು ಮದ್ವೆ ಆದ್ರಾ?” ಚಿಕ್ಕಮ್ಮ “ಇಲ್ಲ” ಅಂದಿತು. ಇಡೀ ಬೀದಿಯಲ್ಲಿ. ಪಕ್ಕದ ಮನೆಯಲ್ಲಿ ಒಬ್ಬಳು ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಅವನು ಮನೆಗೆ ಬಂದಾಗ ನಾನು ಮಾತಾಡಲಿಲ್ಲ. ಅವನಿಗೂ ಯಾರೋ ಹೇಳಿದ್ದರು. ನನ್ನ ಎದುರು ಕೂತು “ಅದು ಅವತ್ತಿನ ಮಾತು ಕಣೆ. ಇನ್ನೊಂದು ಕೇಳು. ಈಗಿಂದು ಕೇಳು” ಎಂದ. ನಾನು ಕೇಳಲಿಲ್ಲ. ತಟ್ಟೆ ಅವನ ಮುಂದೆ ಕುಕ್ಕಿ ಒಳಗೆ ಹೋದೆ. ಒಂದು ಉತ್ತರವನ್ನು ಹಿಡಿದುಕೊಂಡು ಇನ್ನೊಂದನ್ನು ಕೇಳದೆ ಹನ್ನೊಂದು ದಿನ ಇದ್ದೆ. ಹನ್ನೆರಡನೆಯ ದಿನ ಆ ನಿಶ್ಚಿತಾರ್ಥ.

ಪೆಟ್ಟಿಗೆ ಹಾಕಿದವನನ್ನು ಜನ ಹುಡುಕಿದರು. ಅವನು ಓಡಿ ಬಂದು ಬಾಗಿಲು ಬಡಿದ. “ವೇಣಿ, ತೆಗಿ. ನಾನು.” ಕಿಟಕಿಯ ಸಂದಿಯಲ್ಲಿ ಕಂಡಿತು, ದೊಣ್ಣೆ ಹಿಡಿದವರು ಇನ್ನೂ ಬೀದಿಯ ತಿರುವಿನಲ್ಲಿದ್ದರು. ಕಸ್ತೂರಿ ನನ್ನ ಸೊಂಟದ ಮೇಲಿದ್ದಳು. ನನ್ನ ಬಲಗೈ ಚಿಲಕದ ಮೇಲಿತ್ತು. ಮಗುವಿಗೆ ಏನಾದರೂ ಆಗುತ್ತದೆಂದು ಹೆದರಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಹೆದರಿದ್ದು ನಿಜ. ಆದರೆ ಕೈ ಚಿಲಕದ ಮೇಲಿದ್ದಾಗ ಮೊದಲು ಬಂದದ್ದು ಭಯವಲ್ಲ. ನನ್ನನ್ನು ಇಷ್ಟಪಡದೆ ಕಟ್ಟಿಕೊಂಡವನು ಈಗ ನನ್ನ ಬಾಗಿಲಿಗೇ ಬಂದ, ಸ್ವಲ್ಪ ಬಡಿಯಲಿ, ಅನ್ನಿಸಿತು. ಸ್ವಲ್ಪವೇ. ಅವನು ಆರು ಸಲ ಬಡಿದ. ಏಳನೆಯದನ್ನು ಬಡಿದವರು ಬೇರೆಯವರು.

ಕಸ್ತೂರಿಗೆ ನಾನು ಹೇಳಿರುವುದು ಬೇರೆ. ಅಪ್ಪ ಅವತ್ತು ಮನೆಗೆ ಬರಲೇ ಇಲ್ಲ, ದಾರಿಯಲ್ಲೇ ತೀರಿಕೊಂಡರು. ಚಿಕ್ಕಮ್ಮ ಸುಳ್ಳನ್ನು ತಿದ್ದುವುದಿಲ್ಲ. ಕೇಳಿದ್ದಕ್ಕೆ ಮಾತ್ರ ಹೇಳುತ್ತದೆ. ಯಾರೂ ಕೇಳದ ಊರಿನಲ್ಲಿ ಸುಳ್ಳಿನಷ್ಟು ಭದ್ರವಾದದ್ದು ಇನ್ನೊಂದಿಲ್ಲ. ಈ ಕಟ್ಟಳೆಯನ್ನು ಊರಿನವರೆಲ್ಲ ಶಾಪ ಅನ್ನುತ್ತಾರೆ. ನಾನು ಬಾಯಲ್ಲಿ ಹಾಗೇ ಅನ್ನುತ್ತೇನೆ.

ಅವತ್ತು ಕಸ್ತೂರಿಯನ್ನು ದೇವಸ್ಥಾನದ ಹಜಾರದಲ್ಲಿ ನಡೆಯುವ ಪಾಠಕ್ಕೆ ಕಳಿಸಿ, ಎರಡು ರೊಟ್ಟಿ ತಟ್ಟಿಕೊಂಡು ಚೌಡಕ್ಕನ ಮನೆಗೆ ಹೋದೆ. ಅವಳೂ ಅವಳ ತಂಗಿ ಕೆಂಪಮ್ಮನೂ ಒಂದೇ ಯಂತ್ರವನ್ನು ಸರದಿಯಲ್ಲಿ ತುಳಿದು ಬದುಕಿದವರು. ಊರು ಉರಿದ ದಿನ ಇಬ್ಬರೂ ಏನೋ ಕೇಳಿಕೊಂಡು, ಕೆಂಪಮ್ಮ ಉಟ್ಟ ಸೀರೆಯಲ್ಲೇ ಹೊರಟುಹೋಗಿದ್ದಳು. ಮರುವರ್ಷ ಅವಳು ತೀರಿಕೊಂಡ ಸುದ್ದಿ ಬಂತು. ಸುದ್ದಿ ತಂದವನು ಬೀದಿಯ ಮೊದಲ ಮನೆಯಲ್ಲಿ ಹೇಳಿ ಹೋದ. ಮನೆಯಿಂದ ಮನೆಗೆ ಅದು ಬಂತು, ನನ್ನ ಮನೆಗೂ ಬಂತು, ಬೀದಿ ದಾಟಲಿಲ್ಲ. ಚೌಡಕ್ಕ ಕೇಳುವಂತಿರಲಿಲ್ಲ, ಹಾಗಾಗಿ ನಾವು ಹೇಳಬೇಕಾಗಿರಲಿಲ್ಲ.

ಅವಳು ರೊಟ್ಟಿಯ ಕಡೆ ನೋಡಲಿಲ್ಲ. ಹಸಿರು ಬಟ್ಟೆಯ ಅಂಚು ಮಡಿಸುತ್ತಾ ಹೇಳಿದಳು. “ನಿಂಗೆ ಗೊತ್ತಿತ್ತು.”

“ಗೊತ್ತಿತ್ತು ಅಕ್ಕ.”

“ಬೀದಿಗೆಲ್ಲ ಗೊತ್ತಿತ್ತು. ನಾನು ವರ್ಷಾ ವರ್ಷಾ ಅವಳಿಗೊಂದು ರವಿಕೆ ಹೊಲಿದು ಇಟ್ಟಿವ್ನಿ. ಪೆಟ್ಟಿಗೇಲಿ ಆರು ಅವೆ. ಪ್ರತಿಸಲ ನೀನೇ ಕಾಜ ಹೊಲಿದುಕೊಟ್ಟೆ ಕಣೆ, ತಾಯಿ.”

ಕಾಜ ಹೊಲಿದದ್ದು ನಿಜ. ಒಂದೊಂದು ರವಿಕೆಗೂ ಐದೈದು.

“ಇನ್ನೊಂದು ಮಾತು ಹೇಳ್ತೀನಿ ಕೇಳಿಸ್ಕೊ,” ಅಂದಳು. “ಅದು ಕಾಯ್ತು. ನಾನು ಕೇಳಿದ ಕೂಡ್ಲೆ ಬಾಯಿ ಬಿಡ್ಲಿಲ್ಲ. ನೀನು ಮೊರದಲ್ಲಿ ಕಲ್ಲು ಆರಿಸ್ತಿದ್ದೆ, ಒಂದು, ಎರಡು. ಅಲ್ಲೀಗಂಟ ಕಾಯ್ತು. ಯಾರಾದ್ರೂ ಮನುಷ್ಯರು ಹೇಳ್ಲಿ ಅಂತ. ಗೋಡೆಗೂ ಅಷ್ಟು ಮರ್ಯಾದೆ ಐತೆ. ನಾನು ನಿನ್ನ ಕೇಳಿದ್ದು ವೇಣಿ. ಅದನ್ನಲ್ಲ.”

ಅವಳು ಸೂಜಿ ಕಚ್ಚಿಕೊಂಡು ಬಟ್ಟೆ ತಿರುಗಿಸಿದಳು. “ರೊಟ್ಟಿ ಅಲ್ಲೇ ಇಟ್ಟು ಹೋಗು. ನಂದು ಊಟ ಇನ್ನೂ ಆಗಿಲ್ಲ.”

ಮನೆಗೆ ಬಂದು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಆ ತಡ ಮೊದಲಿನಿಂದಲೂ ಇತ್ತು. ರುದ್ರೇಶನೇ ಅದರ ಬಗ್ಗೆ ಮೇಲಿನವರಿಗೆ ಒಂದು ಅರ್ಜಿ ಬರೆದಿದ್ದ, ಉತ್ತರ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಯಂತ್ರ ನಿಧಾನ, ಸರಿಪಡಿಸಿ ಎಂದು. ನಾವೆಲ್ಲ ಹಾಗೇ ತಿಳಿದಿದ್ದೆವು. ಕೇಳಿದ ಮೇಲೆ ಎಲ್ಲರೂ ಗೋಡೆಯ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದೆವು. ಗೊತ್ತಿದ್ದವನು ಪಕ್ಕದಲ್ಲೇ ಕೂತಿದ್ದರೂ ಅವನೂ ಗೋಡೆಯನ್ನೇ ನೋಡುತ್ತಿದ್ದ.

ಸೆರಗಿಗೆ ಕೈ ಒರೆಸಿಕೊಂಡೆ. ಬಾಗಿಲು, ಕಿಟಕಿ ಹಾಕಿದೆ, ಹಾಕಿ ಉಪಯೋಗವಿಲ್ಲವೆಂದು ಗೊತ್ತಿದ್ದರೂ. ಗೂಡಿನಿಂದ ಪಿಂಗಾಣಿ ಜಾಡಿ ಇಳಿಸಿದೆ. ಏಳು ವರ್ಷದಿಂದ ಪ್ರಶ್ನೆಗೆ ಹೊರಳದ ನಾಲಿಗೆ ಮೊದಲ ಸಲ ತಡವರಿಸಿತು. “ಈ ಜಾಡೀಲಿ ಏನಿದೆ?” ಕೇಳಿ, ತಕ್ಷಣ ನಾನೇ “ಉಪ್ಪು” ಅಂದೆ.

ಗೋಡೆ ಸುಮ್ಮನಿತ್ತು. ಒಲೆಯ ಮೇಲೆ ಬೇಳೆ ಕುದಿಯುವುದಷ್ಟೇ ಕೇಳುತ್ತಿತ್ತು. ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತೆ. ಕೂತಲ್ಲೇ ಮತ್ತೆ ಕೇಳಿದೆ. “ಈ ಜಾಡೀಲಿ ಏನಿದೆ?” ಈ ಸಲ “ಸಕ್ಕರೆ” ಅಂದೆ.

“ಉಪ್ಪು,” ಅಂದಿತು ಚಿಕ್ಕಮ್ಮ, ಬೀದಿಯ ಉದ್ದಕ್ಕೂ.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಲಲಿತೆ ಕೊಡ ತುಂಬಿಸುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ನಮ್ಮ ಬೀದೀಲಿ ಯಾರ್ಗೋ ಸಾರಿಗೆ ಉಪ್ಪು ಹಾಕಿದ್ದು ಮರೆತುಹೋಗಿತ್ತು ಅನ್ಸುತ್ತೆ. ಅಷ್ಟಕ್ಕೆಲ್ಲ ಚಿಕ್ಕಮ್ಮನ್ನ ಎಬ್ಬಿಸಬಾರದಪ್ಪ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ನನ್ನ ಬಗ್ಗೆ “ಇಲ್ಲ” ಬಂದಾಗ ಕಿಸಕ್ಕನೆ ನಕ್ಕವಳು ಇವಳೇ. ಊರು ಉರಿದ ರಾತ್ರಿ ಅವಳ ಇಬ್ಬರು ಅಣ್ಣಂದಿರು ಒಬ್ಬರಿಗೊಬ್ಬರು ಕೊಡಲಿ ಎತ್ತಿದರು. ಅವರಲ್ಲಿ ಒಬ್ಬನಾದರೂ ಕೇಳಿದ್ದಕ್ಕೆ ತಾನೇ ಬಾಯಿಬಿಟ್ಟು “ಹೌದು, ಮಾಡಿದೆ” ಅಂದಿದ್ದರೆ ಗೋಡೆ ಬಾಯಿಬಿಡುತ್ತಿರಲಿಲ್ಲ ಎಂದು ಹೇಳಬೇಕೆನ್ನಿಸಿತು. ಕೊಡ ತುಂಬಿತು. ಎತ್ತಿಕೊಂಡು ಬಂದೆ.

ಅವತ್ತೇ ಅಮಾವಾಸ್ಯೆ. ದೀಪ ಹಚ್ಚುವ ಹೊತ್ತಿಗೆ ಒಲೆಯ ಮುಂದೆ ಕೂತು ಕಸ್ತೂರಿಯ ಕೈ ಹಿಡಿದು ಹಳೆಯ ದಾರ ಬಿಚ್ಚಿದೆ. ಹದಿಮೂರು ಗಂಟು. ಬೆಂಕಿಗೆ ಹಾಕಿದೆ. ಹೊಸ ದಾರ ತೆಗೆದುಕೊಂಡಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ನಂಗೆ ದಾರ ಸಾಕಮ್ಮ.”

“ಎಲ್ಲ ಮಕ್ಕಳೂ ಕಟ್ಕೋತಾರೆ ಚಿನ್ನ.”

“ಟೈಲರಜ್ಜಿ ಕಟ್ಕೊಂಡಿಲ್ಲ.” ಚೌಡಕ್ಕನನ್ನು ಅವಳು ಕರೆಯುವುದು ಹಾಗೆ.

“ಅವರು ದೊಡ್ಡೋರು.”

“ಟೈಲರಜ್ಜಿ ಹೇಳಿದ್ರು, ಅದು ಕಾಯುತ್ತಂತೆ. ಯಾರಾದ್ರೂ ನಿಜ ಹೇಳಿಬಿಟ್ರೆ ಅದು ಬಾಯೇ ಬಿಡಲ್ಲ ಇರ್ಬೇಕು ಅಂದ್ರು.” ಅವಳು ಎದ್ದು ಹೋಗಿ ದಿಂಬಿನ ಕೆಳಗಿನಿಂದ ಅದನ್ನು ತಂದಳು. ಅಂಟುವಾಳದ ಕಾಯಿಯಷ್ಟು ದಪ್ಪದ ಗಂಟು. ನನ್ನ ಅಂಗೈ ಮೇಲೆ ಇಟ್ಟಳು. ಅಷ್ಟು ಸಣ್ಣ ವಸ್ತು, ತೂಕವೇ ಇರಲಿಲ್ಲ; ಬೆವರು ಕುಡಿದು ಕುಡಿದು ಕಪ್ಪಾಗಿತ್ತು. “ಇದನ್ನ ಬಿಚ್ಚೋಕೆ ನೋಡ್ದೆ. ಆಗಲ್ಲ. ಒಳಗಿಂದು ಸಿಗೋದೇ ಇಲ್ಲ.”

ಒಲೆ ನನ್ನ ಕೈಯಳತೆಯಲ್ಲೇ ಇತ್ತು. ಅದನ್ನು ಬೆಂಕಿಗೆ ಹಾಕಿ, ಅವಳನ್ನು ತಬ್ಬಿಕೊಂಡು, ಸಮಾಧಾನ ಮಾಡಿ, ಹೊಸ ದಾರ ಕಟ್ಟಬಹುದಿತ್ತು. ನಾಲ್ಕು ದಿನ ಅಳುತ್ತಿದ್ದಳು, ಆಮೇಲೆ ಮತ್ತೆ ನನ್ನ ಜಾಣೆ ಆಗುತ್ತಿದ್ದಳು. ಹಾಗೆ ಮಾಡುವ ತಾಯಂದಿರನ್ನು ನಾನು ಬಲ್ಲೆ. ಒಂದು ಗಳಿಗೆ ನನ್ನ ಕೈ ಆ ಕಡೆ ಹೋಯಿತು ಕೂಡ. ಅವಳು ತಡೆಯಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ನಿಂತಳು. ಎರಡು ವರ್ಷದ ಮಗುವಾಗಿ ನನ್ನ ಸೊಂಟದ ಮೇಲಿದ್ದಾಗಲೂ ಅವಳು ಹೀಗೇ ನೋಡಿದ್ದಳು, ಚಿಲಕದ ಮೇಲಿನ ಕೈಯನ್ನು. ಆಗ ನಾನು ಅದನ್ನು ಕಂಡಿರಲಿಲ್ಲ.

ಗಂಟನ್ನು ಅವಳಿಗೇ ಹಿಂದಿರುಗಿಸಿದೆ. ಸಾರಿನ ಪಾತ್ರೆ ಕೆಳಗಿಳಿಸಿದೆ. ಎದುರು ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಲಲಿತೆಯ ಮನೆಯಲ್ಲಿ ಯಾರೋ ಕೆಮ್ಮಿದರು. ಅವಳು ಕೇಳಿದ್ದಕ್ಕೆ ನಾನು ಹೇಳದಿದ್ದರೆ ಗೋಡೆ ಹೇಳುತ್ತದೆ, ಅವರೆಲ್ಲರಿಗೂ ಕೇಳಿಸುತ್ತದೆ. ಹೆದರಿದೆ ಅಂದರೂ ಕೇಳಿಸುತ್ತದೆ, ಏಕೆಂದರೆ ಅದು ಅರ್ಧ ನಿಜ, ಉಳಿದರ್ಧವನ್ನು ಚಿಕ್ಕಮ್ಮ ಆ ಹಾಲು ಕುಡಿಸುವ ದನಿಯಲ್ಲಿ ನನ್ನ ಮಗಳಿಗೆ ಹೇಳುತ್ತದೆ. ಅದು ಹೇಳಿದ ಮೇಲೆ ಅವಳು ಜೀವಮಾನವಿಡೀ ಗೋಡೆಯ ಮಗಳಾಗಿರುತ್ತಾಳೆ, ನನ್ನವಳಾಗಿರುವುದಿಲ್ಲ. ನಾನೇ ಹೇಳಿದರೆ ನನ್ನವಳಾಗಿ ಉಳಿಯುತ್ತಾಳೆಂಬ ಭರವಸೆಯೂ ಇಲ್ಲ; ಅದು ಮುಂದಿನ ಮಾತು, ಚಿಕ್ಕಮ್ಮನಿಗೂ ಗೊತ್ತಿಲ್ಲ. ಇರುವುದು ಎರಡು ಕಲ್ಲು ಆರಿಸುವಷ್ಟು ಹೊತ್ತು. ಅಷ್ಟರಲ್ಲಿ ಏಳು ವರ್ಷ ಬಾಯಿಗೆ ಬರಬೇಕು.

ಅವಳ ಭುಜ ಹಿಡಿದು, ಗೋಡೆಗೆ ಬೆನ್ನಾಗುವ ಹಾಗೆ ನನ್ನ ಎದುರು ಕೂರಿಸಿಕೊಂಡೆ. ಅರ್ಧ ಬಿಚ್ಚಿದ್ದ ಜಡೆಯನ್ನು ಹಿಂದಕ್ಕೆ ಸರಿಸಿದೆ.

“ಆ ಕಡೆ ತಿರುಗಬೇಡ,” ಅಂದೆ. “ನನ್ನ ಮುಖ ನೋಡ್ಕೊಂಡು ಕೇಳು.”

ಅವಳ ತುಟಿ ಎರಡು ಸಲ ತೆರೆದು ಮುಚ್ಚಿತು. ಅಭ್ಯಾಸಬಲದಿಂದ ಬೆರಳುಗಳು ಗಂಟು ಹಾಕಲು ದಾರ ಹುಡುಕಿದವು. ಬರಿಯ ಮಣಿಕಟ್ಟು ಸಿಕ್ಕಿತು. ಆಮೇಲೆ ಅವಳು ಕೇಳಿದಳು. ಹುಟ್ಟಿದಾಗಿನಿಂದ ಅವಳ ಬಾಯಿಂದ ಬಂದ ಮೊದಲ ಪ್ರಶ್ನೆ, ಮೆಲ್ಲಗೆ, ತಪ್ಪಿಲ್ಲದೆ.

“ಅಪ್ಪ ಬಾಗಿಲು ಬಡಿದಾಗ ನೀನ್ಯಾಕಮ್ಮ ತೆಗೀಲಿಲ್ಲ?”